ಕರುಳಿನ ತಂತಿ, ಕೆಳಗಿನ ಶ್ರುತಿ: ಮಗಳ ಕೈ ಕೆಡುತ್ತದೆಯೇ?

ಪ್ರಶ್ನೆ: ನಾವು ಮೂಲತಃ ಮೈಸೂರಿನವರು, ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಮಗಳಿಗೆ 16 ವರ್ಷ. ಚಿಕ್ಕಂದಿನಿಂದ ಪಾಶ್ಚಾತ್ಯ ವಯಲಿನ್ ಕಲಿಯುತ್ತಿದ್ದಾಳೆ, ಮುಂದೆ ಸಂಗೀತವನ್ನೇ ಓದುವ ಆಸೆ ಇದೆ. ಈಗ ಯುವಕರ ಬರೋಕ್ ಆರ್ಕೆಸ್ಟ್ರಾ (ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತವನ್ನು ಆ ಕಾಲದ ಥರದ ವಾದ್ಯಗಳಲ್ಲಿ ನುಡಿಸುವ ತಂಡ) ಒಂದರಿಂದ ಕರೆ ಬಂದಿದೆ. ಬೇಸಿಗೆ ರಜೆಯಲ್ಲಿ ಜರ್ಮನ್ ಸಂಗೀತಕಾರ ಬಾಖ್ ಅವರ ಮೂರನೇ ಆರ್ಕೆಸ್ಟ್ರಾ ಸ್ವೀಟ್ (ಹಲವು ಭಾಗಗಳ ಮಾಲಿಕೆ) ನುಡಿಸಬೇಕಂತೆ. ಉಕ್ಕಿನ ತಂತಿ ತೆಗೆದು ಕುರಿ ಕರುಳಿನ ತಂತಿ ಹಾಕಬೇಕು, ಶ್ರುತಿ ("ಎ" ಸ್ವರ) 440 ಹರ್ಟ್ಸ್‌ನಿಂದ 415ಕ್ಕೆ ಇಳಿಸಬೇಕು, ಬೇರೆ ಥರದ ಕಮಾನು ಬೇಕು, ಚಿನ್ ರೆಸ್ಟ್ (ಗದ್ದ ಊರುವ ತಟ್ಟೆ) ಮತ್ತು ಶೋಲ್ಡರ್ ರೆಸ್ಟ್ (ಭುಜದ ಮೇಲಿನ ಆಸರೆ) ಇಲ್ಲದೆ ನುಡಿಸಿದರೆ ಒಳ್ಳೆಯದು ಎಂದಿದ್ದಾರೆ. ಅವಳ ಟೀಚರ್‌ಗೆ ಇದು ಇಷ್ಟವಿಲ್ಲ. ಎಡಗೈ ಹಾಳಾಗುತ್ತೆ, ವೈಬ್ರಾಟೊ (ಬೆರಳಿನಿಂದ ಸ್ವರವನ್ನು ಅಲುಗಿಸುವುದು) ಹೋಗುತ್ತೆ ಅಂತಾರೆ. ಮಗಳಿಗೆ ಯಾವ ಸ್ವರ ಕೇಳಿದರೂ ತಟ್ಟನೆ ಹೆಸರು ಹೇಳುವ ಕಿವಿ ಇದೆ, ಅದು ಕೆಡಬಹುದೇ? ಅದೇ ತಂಡದ ಕಛೇರಿಗೆ ಹೋಗಿದ್ದೆವು. ಪ್ರತಿ ಕೃತಿ ಆದಮೇಲೂ ಶ್ರುತಿ ಮಾಡಿಕೊಳ್ಳುತ್ತಿದ್ದರು. ಟ್ರಂಪೆಟ್ ಎರಡು ಸಲ ಒಡೆದ ಹಾಗಾಯಿತು. ಕರ್ನಾಟಕ ಸಂಗೀತದ ಪಿಟೀಲು ನುಡಿಸುವ ನನ್ನ ಹೆಂಡತಿ ಮಾತ್ರ, "ಎಲ್ಲ ಅರ್ಧ ಸ್ವರ ಕೆಳಗಿದೆ, ಆದರೆ ಕಿವಿಗೆ ಏನೋ ಹಿತವಾಗಿದೆ" ಅಂದಳು. ಇದು ಹಳೇ ವಾದ್ಯದ ಹುಚ್ಚೋ, ನಿಜವಾದ ವಿದ್ಯೆಯೋ? ವಯಲಿನ್‌ಗೆ ಏಟು ಬೀಳುತ್ತದೆಯೇ? ನಾವು ಸಸ್ಯಾಹಾರಿಗಳು, ಕರುಳಿನ ತಂತಿಗೆ ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಭಯ ಒಂದೇ. ಇಷ್ಟು ವರ್ಷ ಕಷ್ಟಪಟ್ಟು ಪಳಗಿಸಿದ ಕೈಯನ್ನು, ಕಿವಿಯನ್ನು ಒಂದು ಬೇಸಿಗೆಯ ಆಸೆಗೆ ಕೆಡಿಸಿಕೊಂಡುಬಿಟ್ಟರೆ ಅಂತ. ಬರೋಕ್ ವಯಲಿನ್ ನುಡಿಸುವುದು, ಮಾಮೂಲಿ ವಯಲಿನ್‌ನಿಂದ ಈ ಕಡೆಗೆ ಬರುವ ಹುಡುಗ ಹುಡುಗಿಯರಿಗೆ ಕಲಿಸುವುದು ನನ್ನ ಕೆಲಸ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಳಿಸಿ. ಕೈ ಕೆಡುವುದಿಲ್ಲ. ಆದರೆ ತಂತಿಗಿಂತ ಮೊದಲು ಕಮಾನು ಬದಲಾಗಲಿ. ಮತ್ತೆ, ಅವಳ ಹತ್ತಿರ ಇರುವುದು ಒಂದೇ ವಯಲಿನ್ ಆದರೆ ಅದಕ್ಕೆ ಉಳಿ, ಅರ ಮುಟ್ಟಿಸಲು ಒಪ್ಪಬೇಡಿ.

"ಹಳೇ ವಾದ್ಯ" ಅನ್ನುವ ಮಾತಿನಿಂದ ಶುರು ಮಾಡೋಣ. ಇಂಥ ಆರ್ಕೆಸ್ಟ್ರಾದಲ್ಲಿ ಕಾಣುವ ವಾದ್ಯಗಳಲ್ಲಿ ಬಹುಪಾಲು ಹಳೆಯವಲ್ಲ. 17, 18ನೇ ಶತಮಾನದ ವಾದ್ಯಗಳನ್ನು ಅಳೆದು, ಅದೇ ಅಳತೆಗೆ ಈಗಿನವರು ಮಾಡಿದ ಹೊಸ ವಾದ್ಯಗಳು. ಓಬೊ, ಮರದ ಕೊಳಲು, ಟ್ರಂಪೆಟ್, ಹಾರ್ಪ್ಸಿಕಾರ್ಡ್ (ತಂತಿ ಮೀಟಿ ಸದ್ದು ಬರುವ ಕೀಲಿಮಣೆ ವಾದ್ಯ) ಅಂತೂ ಹೆಚ್ಚುಕಮ್ಮಿ ಎಲ್ಲವೂ ಹಾಗೇ. ವಯಲಿನ್ ವಿಷಯ ಇನ್ನೂ ಸ್ವಾರಸ್ಯ. 1800ರ ಆಸುಪಾಸಿನಲ್ಲಿ ಹಾಲ್‌ಗಳು ದೊಡ್ಡದಾದವು, ಸದ್ದು ಜಾಸ್ತಿ ಬೇಕಾಯಿತು. ಆಗ ಇಟಲಿಯ ಹೆಸರಾಂತ ಕುಶಲಕರ್ಮಿ ಸ್ಟ್ರಾಡಿವರಿ ಮಾಡಿದ ವಯಲಿನ್‌ಗಳನ್ನೂ ಬಿಚ್ಚಿದರು. ಕುತ್ತಿಗೆ ತೆಗೆದು ಉದ್ದನೆಯದನ್ನು ಕೂರಿಸಿದರು, ಹಿಂದಕ್ಕೆ ಬಾಗಿಸಿದರು. ಒಳಗಿನ ಬಾಸ್ ಬಾರ್ (ಮೇಲಿನ ಹಲಗೆಗೆ ಆಸರೆಯಾದ ಮರದ ಪಟ್ಟಿ) ಕಿತ್ತು ದೊಡ್ಡದನ್ನು ಅಂಟಿಸಿದರು. ತಂತಿಗಳನ್ನು ಹೊರುವ ಕುದುರೆ (ಬ್ರಿಡ್ಜ್) ಎತ್ತರವಾಯಿತು. ಇವತ್ತು ದೊಡ್ಡ ದೊಡ್ಡ ಕಲಾವಿದರು ನುಡಿಸುವ ಸ್ಟ್ರಾಡಿವರಿಗಳು ಹೀಗೆ ಮಾರ್ಪಾಡಾದವೇ. ಅಂದರೆ ನಾವು ಮಾಮೂಲಿ ಅಂದುಕೊಂಡಿರುವುದೇ ಹಳೆಯದನ್ನು ತಿದ್ದಿದ ವಾದ್ಯ.

ಸದ್ದಿಗಾಗಿ ವಾದ್ಯ ಬದಲಾಗುವುದು ಮೈಸೂರಿನವರಿಗೆ ಹೊಸದಲ್ಲ. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತಲೇ ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ಯುರೋಪಿನಲ್ಲೂ ಕಾರಣ ಅದೇ. ಸದ್ದು ಹೆಚ್ಚಾಯಿತು. ಜೊತೆಗೆ ಕೆಲವು ಗುಣಗಳು ಕೈಬಿಟ್ಟವು. ಆ ಗುಣಗಳನ್ನು ಹುಡುಕಿಕೊಂಡು ಹೋದವರೇ ಈ ಆರ್ಕೆಸ್ಟ್ರಾಗಳನ್ನು ಕಟ್ಟಿದವರು.

1953ರಲ್ಲಿ ವಿಯೆನ್ನಾದಲ್ಲಿ ನಿಕೊಲಾಸ್ ಹಾರ್ನನ್‌ಕೋರ್ಟ್ ಮತ್ತು ಅವರ ಹೆಂಡತಿ ಆಲಿಸ್ ಸೇರಿ ಕನ್ಸೆಂಟಸ್ ಮ್ಯೂಸಿಕಸ್ ಎಂಬ ತಂಡ ಕಟ್ಟಿದರು. ಹಾರ್ನನ್‌ಕೋರ್ಟ್ ಆಗ ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುತ್ತಿದ್ದರು. ಅಂದರೆ ಹೊಸ ಕಾಲದ ವಾದ್ಯ ಬಾರದವರ ಹುಚ್ಚು ಇದಲ್ಲ. ಈ ತಂಡ ಜನರ ಮುಂದೆ ಮೊದಲ ಕಛೇರಿ ಕೊಟ್ಟಿದ್ದು 1957ರಲ್ಲಿ. ನಡುವಿನ ವರ್ಷಗಳೆಲ್ಲ ಅಭ್ಯಾಸ, ಹುಡುಕಾಟ. ಆಮೇಲೆ ಹಾರ್ನನ್‌ಕೋರ್ಟ್ ಮತ್ತು ನಿಮ್ಮ ನೆದರ್‌ಲ್ಯಾಂಡ್ಸ್‌ನ ಗುಸ್ಟಾವ್ ಲಿಯೋನ್‌ಹಾರ್ಟ್ ಸೇರಿ 1970ರ ದಶಕದ ಶುರುವಿನಿಂದ ಸುಮಾರು ಎರಡು ದಶಕ ಬಾಖ್ ಅವರ ಚರ್ಚ್ ಕಂಟಾಟಾಗಳನ್ನು (ಹಾಡು, ವಾದ್ಯ ಸೇರಿದ ಕೃತಿಗಳನ್ನು) ಹಳೇ ವಾದ್ಯಗಳಲ್ಲಿ ಧ್ವನಿಮುದ್ರಿಸಿದರು. ಟಾನ್ ಕೂಪ್‌ಮನ್ 1979ರಲ್ಲಿ ಆಮ್‌ಸ್ಟರ್‌ಡ್ಯಾಮ್ ಬರೋಕ್ ಆರ್ಕೆಸ್ಟ್ರಾ ಕಟ್ಟಿದರು. ಫ್ರಾನ್ಸ್ ಬ್ರೂಗನ್ 1981ರಲ್ಲಿ 18ನೇ ಶತಮಾನದ ಆರ್ಕೆಸ್ಟ್ರಾ ಶುರು ಮಾಡಿದರು. ಹೇಗ್‌ನ ರಾಯಲ್ ಕನ್ಸರ್ವೇಟರಿಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಈ ವಿದ್ಯೆಗೆ ತವರು ಅನ್ನಬಹುದಾದ ಕೆಲವೇ ದೇಶಗಳಲ್ಲಿ ನೀವಿದ್ದೀರಿ. ಸಾಧ್ಯವಾದರೆ ಈಸ್ಟರ್‌ಗೆ ಮುಂಚೆ ನಾರ್ಡನ್ ಊರಿನ ದೊಡ್ಡ ಚರ್ಚಿಗೆ ಮಗಳನ್ನು ಕರೆದುಕೊಂಡು ಹೋಗಿ. ನೆದರ್‌ಲ್ಯಾಂಡ್ಸ್ ಬಾಖ್ ಸೊಸೈಟಿ 1922ರಿಂದ ಅಲ್ಲಿ ಮ್ಯಾಥ್ಯೂ ಪ್ಯಾಶನ್ (ಏಸುವಿನ ಕೊನೆಯ ದಿನಗಳ ಕಥೆ ಹೇಳುವ ಬಾಖ್ ಕೃತಿ) ನುಡಿಸುತ್ತಾ ಬಂದಿದೆ. ಅಲ್ಲಿ ಕೂತು ಕೇಳಿದರೆ ನನ್ನ ಈ ಉತ್ತರದ ಅರ್ಧ ಭಾಗ ಬೇಕಾಗುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ, ಅದು ಈ ಸಂಗೀತವನ್ನು ಪ್ರೀತಿಸುವವರದು: "ಬಾಖ್ ಕೇಳಿದ್ದು ಇದನ್ನೇ." ಹಾಗೇನಿಲ್ಲ. ಹಾರ್ಪ್ಸಿಕಾರ್ಡ್‌ನ ತಂತಿ ಮೀಟಲು ಆಗ ಹಕ್ಕಿಯ ಗರಿ ಇತ್ತು, ಈಗ ಹೆಚ್ಚಿನ ವಾದ್ಯಗಳಲ್ಲಿ ಪ್ಲಾಸ್ಟಿಕ್. ಸ್ವರ ಸರಿಹೋಗಲಿ ಅಂತ ಟ್ರಂಪೆಟ್‌ಗೆ ಈಗ ಕೊರೆಯುವ ಸಣ್ಣ ತೂತುಗಳು ಆಗ ಇರಲಿಲ್ಲ. 1730ರಲ್ಲಿ ಬಾಖ್ ತಾವು ಕೆಲಸಕ್ಕಿದ್ದ ಲೈಪ್‌ಸಿಗ್ ನಗರಸಭೆಗೆ ಒಂದು ಮನವಿ ಬರೆದರು. ಚರ್ಚಿನ ಸಂಗೀತಕ್ಕೆ 18ರಿಂದ 20 ವಾದ್ಯದವರು ಬೇಕು, ಆದರೆ ಇರುವುದು 8 ಜನ, ಅದರಲ್ಲೂ ಒಬ್ಬ ಇನ್ನೂ ಕಲಿಯುತ್ತಿರುವವನು ಅಂತ. ಹೀಗಿರುವಾಗ ಇದೇ ಆ ನಾದ ಎಂದು ಯಾರು ಹೇಳಲಾದೀತು? ಆ ಕಾಲದ ಉಪಕರಣ ಕೈಗೆ ಕೊಟ್ಟರೆ ಬರೆದ ಸ್ವರಗಳು ಬೇರೆ ಥರ ಅರ್ಥವಾಗುತ್ತವೆ, ಅಷ್ಟೇ. ನನ್ನ ಮಟ್ಟಿಗೆ ಅದು ದೊಡ್ಡ ಲಾಭ.

ಈಗ 415. ಬರೋಕ್ ಕಾಲದಲ್ಲಿ ಎಲ್ಲ ಊರಿಗೂ ಒಂದೇ ಶ್ರುತಿ ಇರಲೇ ಇಲ್ಲ. ಫ್ರಾನ್ಸ್‌ನಲ್ಲಿ ಇವತ್ತಿಗಿಂತ ಒಂದು ಪೂರ್ತಿ ಸ್ವರದಷ್ಟು ಕೆಳಗೆ, ಕೆಲವು ಚರ್ಚುಗಳ ಆರ್ಗನ್ ಇವತ್ತಿಗಿಂತ ಮೇಲೆ. ಲೈಪ್‌ಸಿಗ್‌ನಲ್ಲಂತೂ ಆರ್ಗನ್ ಒಂದು ಶ್ರುತಿ, ಉಳಿದ ವಾದ್ಯಗಳು ಒಂದು ಸ್ವರ ಕೆಳಗೆ. ಅದಕ್ಕೇ ಬಾಖ್ ಆರ್ಗನ್ ನುಡಿಸುವವನಿಗೆ ಒಂದು ಸ್ವರ ಇಳಿಸಿದ ಬೇರೆ ಹಾಳೆ ಬರೆಸಿಕೊಡುತ್ತಿದ್ದರು. 440 ಅಂತರರಾಷ್ಟ್ರೀಯ ಮಾನದಂಡ ಆಗಿದ್ದು 1955ರಲ್ಲಿ. ಇನ್ನು 415 ಅನ್ನುವುದು ಈಗಿನವರು ಮಾಡಿಕೊಂಡ ಅನುಕೂಲದ ಒಪ್ಪಂದ. ಅದು 440ಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗೆ. ಹಾರ್ಪ್ಸಿಕಾರ್ಡ್‌ನ ಕೀಲಿಮಣೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರೆ ಸಾಕು, ಸ್ಕೇಲ್ ಚೇಂಜರ್ ಹಾರ್ಮೋನಿಯಂ ಥರ ಎರಡೂ ಶ್ರುತಿಗೆ ಆಗುತ್ತದೆ.

ಮಗಳ ಕಿವಿ ಬಗ್ಗೆ ನಿಮ್ಮ ಆತಂಕ ಸುಳ್ಳಲ್ಲ. ಇಂಥ ಕಿವಿ ಇರುವವರಿಗೇ ಶುರುವಿನಲ್ಲಿ ಕಷ್ಟ ಜಾಸ್ತಿ. ಕಣ್ಣು "ಎ" ಓದುತ್ತದೆ, ಬೆರಳು "ಎ" ಒತ್ತುತ್ತದೆ, ಕಿವಿಗೆ "ಎ ಫ್ಲ್ಯಾಟ್" ಕೇಳುತ್ತದೆ. ತಲೆ ಸುತ್ತಿದ ಹಾಗಾಗುತ್ತದೆ. ಬೆರಳು ತಾನಾಗಿಯೇ ಮೇಲೆ ಜಾರಿ ಶ್ರುತಿ ತಪ್ಪುವುದೂ ಉಂಟು. ಇದು ಕಿವಿ ಕೆಡುವ ಲಕ್ಷಣವಲ್ಲ. ಎರಡನೇ ನಕ್ಷೆ ಕೂರುವವರೆಗಿನ ಗೊಂದಲ. ನಾನು ಮಾಡಿಸುವ ಅಭ್ಯಾಸ ಸುಲಭ. ಹಾಳೆ ಮುಚ್ಚಿಟ್ಟು, ತೆರೆದ ತಂತಿಯನ್ನು ಷಡ್ಜ ಮಾಡಿಕೊಂಡು ಸ್ವರಗಳ ಅಂತರವನ್ನಷ್ಟೇ ಕೇಳುತ್ತಾ ನುಡಿಸುವುದು. ಇದಕ್ಕೆ ನಿಮ್ಮ ಮನೆಯಲ್ಲೇ ಗುರುಗಳಿದ್ದಾರೆ. ಗಾಯಕಿಗೆ ಐದೂವರೆ ಮನೆ, ಗಾಯಕರಿಗೆ ಒಂದು ಮನೆ ಅಂತ ಷಡ್ಜ ಬದಲಿಸಿಕೊಂಡು ನುಡಿಸುವ ಪಿಟೀಲು ವಾದಕಿಗೆ ಅರ್ಧ ಸ್ವರ ಏನು ಮಹಾ? ಅಮ್ಮ ಮಗಳು ಸಂಜೆ ಅರ್ಧ ಗಂಟೆ ಜೊತೆಗೆ ಕೂರಲಿ, ತಂಬೂರಿ ಹಾಕಿಕೊಂಡು. ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ನಿಮ್ಮ ಹೆಂಡತಿಗೆ ಹಿತ ಅನ್ನಿಸಿದ್ದಕ್ಕೂ ಕಾರಣ ಇದೆ ಅಂತ ನನ್ನ ನಂಬಿಕೆ. ಪಿಯಾನೊ ಶ್ರುತಿ ಮಾಡುವ ಈಗಿನ ಕ್ರಮದಲ್ಲಿ ಹನ್ನೆರಡು ಸ್ವರಗಳ ನಡುವಿನ ಅಂತರ ಸಮ. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಹಾಗಾಗಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400. ಆದರೆ ತಂಬೂರಿ ಮೀಟಿದಾಗ ತಾನಾಗಿ ಕೇಳಿಬರುವ ಗಾಂಧಾರ ಇದೆಯಲ್ಲ, ಅದು ಸುಮಾರು 386. ಹದಿನಾಲ್ಕು ಸೆಂಟ್ ಅಂದರೆ ಪಳಗಿದ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಬರೋಕ್ ಆರ್ಕೆಸ್ಟ್ರಾಗಳು ಹಾರ್ಪ್ಸಿಕಾರ್ಡನ್ನು ಸಾಮಾನ್ಯವಾಗಿ ಹಳೆಯ ಕ್ರಮದಲ್ಲಿ ಶ್ರುತಿ ಮಾಡುತ್ತವೆ. ಆ ಕ್ರಮದಲ್ಲಿ ಹೆಚ್ಚು ಬಳಸುವ ಷಡ್ಜಗಳಿಗೆ ಸಿಗುವ ಗಾಂಧಾರ ಈ ಶುದ್ಧ ಗಾಂಧಾರಕ್ಕೆ ಹತ್ತಿರ. ಮೇಲಿಂದ ವೈಬ್ರಾಟೊ ಕಮ್ಮಿ. ಸ್ವರಗಳು ಅಲುಗಾಡದೆ ಒಂದರ ಮೇಲೊಂದು ಕೂರುತ್ತವೆ. ತಂಬೂರಿ ಜೊತೆ ಬೆಳೆದ ಕಿವಿಗೆ ಅದು ಪರಿಚಿತ ಸುಖ.

ಪದೇ ಪದೇ ಶ್ರುತಿ ಮಾಡಿಕೊಳ್ಳುವುದಕ್ಕೆ ಕರುಳಿನ ತಂತಿಯೇ ಕಾರಣ. ಗಾಳಿಯ ತೇವ, ದೀಪದ ಬಿಸಿ, ಜನರ ಉಸಿರು, ಎಲ್ಲದಕ್ಕೂ ಅದು ಸ್ಪಂದಿಸುತ್ತದೆ. ಅದು ತಂಡದ ಅಶಿಸ್ತಲ್ಲ. ಟ್ರಂಪೆಟ್ ಬಗ್ಗೆ ಹೇಳಬೇಕೆಂದರೆ, ಅದಕ್ಕೆ ಗುಂಡಿಗಳೇ ಇಲ್ಲ. ಎರಡು ಮೀಟರ್‌ಗಿಂತ ಉದ್ದದ ಹಿತ್ತಾಳೆಯ ಕೊಳವೆ, ಅಷ್ಟೇ. ಗುಂಡಿ ಒತ್ತಿ ನುಡಿಸುವ ವ್ಯವಸ್ಥೆ ಬಂದಿದ್ದು 1815ರ ಹೊತ್ತಿಗೆ. ಅದಕ್ಕೆ ಮುಂಚೆ ಪ್ರತಿ ಸ್ವರವನ್ನೂ ತುಟಿಯಿಂದಲೇ ಹುಡುಕಬೇಕು. ಮೇಲಿನ ಸ್ಥಾಯಿಯಲ್ಲಿ ಸ್ವರಗಳು ಒತ್ತೊತ್ತಾಗಿರುತ್ತವೆ, ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಸ್ವರ ಸಿಡಿಯುತ್ತದೆ. ಅದರ ಮೇಲೆ, ಆ ಕೊಳವೆಯಲ್ಲಿ ಸಹಜವಾಗಿ ಬರುವ ಹನ್ನೊಂದನೇ ಮತ್ತು ಹದಿಮೂರನೇ ಸ್ವರಗಳು ಯಾವ ಶ್ರುತಿಗೂ ಕೂರುವುದಿಲ್ಲ. ಅವನ್ನು ಊದುವವರೇ ಬಗ್ಗಿಸಿ ಸರಿ ಮಾಡಬೇಕು. ಬಾಖ್ ತಂಡದ ಟ್ರಂಪೆಟ್ ವಾದಕ ಗಾಟ್‌ಫ್ರೀಡ್ ರೈಖ 1734ರಲ್ಲಿ ರಾಜನ ಮುಂದೆ ಊದಿದ ಮರುದಿನವೇ ಬೀದಿಯಲ್ಲಿ ಕುಸಿದು ತೀರಿಕೊಂಡರು. ಊದಿದ ಶ್ರಮ, ಪಂಜುಗಳ ಹೊಗೆ ಕಾರಣ ಅಂತ ಆಗಿನವರು ಬರೆದಿಟ್ಟಿದ್ದಾರೆ. ನೀವು ಕೇಳಿದ ಆ ಎರಡು ಒಡಕು ಸ್ವರಗಳನ್ನು ದಯವಿಟ್ಟು ಆ ವಾದಕರ ತಪ್ಪಿನ ಲೆಕ್ಕಕ್ಕೆ ಬರೆಯಬೇಡಿ.

ಕಮಾನಿನ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನಿಮ್ಮ ಮಗಳ ಕೈಲಿರುವ ಕಮಾನಿನ ರೂಪ ಪ್ಯಾರಿಸ್‌ನ ಫ್ರಾನ್ಸ್ವಾ ಟೂರ್ಟ್ 18ನೇ ಶತಮಾನದ ಕೊನೆಯಲ್ಲಿ ಗಟ್ಟಿ ಮಾಡಿದ್ದು. ಕಡ್ಡಿ ಒಳಕ್ಕೆ, ಕೂದಲಿನ ಕಡೆಗೆ ಬಾಗಿರುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಬಲದಲ್ಲಿ ಎಳೆಯಲಿ ಅಂತಲೇ ಹಾಗೆ ಮಾಡಿರುವುದು. ಬರೋಕ್ ಕಮಾನು ಹಗುರ, ಸ್ವಲ್ಪ ಗಿಡ್ಡ, ಕಡ್ಡಿ ನೆಟ್ಟಗೆ ಇಲ್ಲವೇ ಹೊರಕ್ಕೆ ಬಾಗಿರುತ್ತದೆ. ತುದಿಗೆ ಹೋದ ಹಾಗೆ ಸದ್ದು ತಾನೇ ಇಳಿಯುತ್ತದೆ. ಕೆಳಗೆಳೆದರೆ ಜೋರು, ಮೇಲೆ ತಳ್ಳಿದರೆ ಮೆದು. ಸ್ವರ ಹುಟ್ಟಿ, ಅರಳಿ, ಕಮ್ಮಿಯಾಗುತ್ತದೆ. ಪಕ್ಕದ ಸ್ವರಕ್ಕೂ ಇದಕ್ಕೂ ನಡುವೆ ಒಂದು ಸಣ್ಣ ಉಸಿರು ಉಳಿಯುತ್ತದೆ.

ಮಗಳು ನುಡಿಸಬೇಕಾದ ಸ್ವೀಟ್‌ನಲ್ಲೇ ಉದಾಹರಣೆ ಇದೆ. ಎರಡನೇ ಭಾಗವಾದ "ಏರ್" ನಿಮಗೂ ಗೊತ್ತಿರುತ್ತದೆ, ಮದುವೆ ಮನೆಗಳಲ್ಲೂ ಕೇಳಿಸುತ್ತದೆ. ಎಷ್ಟೋ ಸಲ ಕಿವಿಗೆ ಬೀಳುವುದು 1871ರಲ್ಲಿ ಆಗಸ್ಟ್ ವಿಲ್‌ಹೆಲ್ಮಿ ಎಂಬ ವಾದಕರು ಕೆಳಗಿನ ಒಂದೇ ತಂತಿಗೆ ಇಳಿಸಿ ಬರೆದ ರೂಪ. ಬಾಖ್ ಬರೆದಿದ್ದು ಮೇಲಿನ ಸ್ಥಾಯಿಯಲ್ಲಿ. ಮೊದಲ ವಯಲಿನ್‌ಗೆ ಒಂದು ದೀರ್ಘ ಸ್ವರ, ಮುಂದಿನ ಆವರ್ತಕ್ಕೂ ಚಾಚಿಕೊಂಡು. ಕೆಳಗೆ ಬಾಸ್ (ಮಂದ್ರದ ವಾದ್ಯಗಳ ಸಾಲು) ಹೆಜ್ಜೆ ಇಡುತ್ತಾ ಇಳಿಯುತ್ತದೆ. ಪ್ರತಿ ಹೆಜ್ಜೆಗೂ ಮೇಲಿನ ಆ ಒಂದೇ ಸ್ವರದ ಬಣ್ಣ ಬದಲಾಗುತ್ತದೆ. ಮಾಮೂಲಿ ಕಮಾನಿನಲ್ಲಿ ಹುಡುಗರು ಆ ಸ್ವರವನ್ನು ಒಂದೇ ಸಮ ಹಿಡಿದು, ವೈಬ್ರಾಟೊದಿಂದ ತುಂಬುತ್ತಾರೆ. ಬಾಸ್ ಏನು ಮಾಡುತ್ತಿದೆ ಅಂತ ಕೇಳುವುದೇ ಇಲ್ಲ. ಬರೋಕ್ ಕಮಾನಿನಲ್ಲಿ ಹಾಗೆ ಮಾಡಲು ಹೋದರೆ ಸ್ವರ ಅರ್ಧದಲ್ಲೇ ಸೋಲುತ್ತದೆ. ಸಣ್ಣಗೆ ಶುರು ಮಾಡಬೇಕು, ಬಾಸ್ ಕದಲಿದಾಗ ಸ್ವಲ್ಪ ಬೆಳೆಸಬೇಕು, ಬಿಡುವಾಗ ಬಿಡಬೇಕು. ಕೇಳದೆ ನುಡಿಸಲು ಆಗುವುದೇ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಮೊದಲ ಬದಲಾವಣೆ ಕಾಣುವುದು ಇಲ್ಲೇ. ಆ ಬದಲಾವಣೆ ಮಾಮೂಲಿ ವಯಲಿನ್‌ಗೆ ವಾಪಸ್ ಹೋದಮೇಲೂ ಉಳಿಯುತ್ತದೆ.

ಅದಕ್ಕೇ ಹೇಳಿದ್ದು, ಮೊದಲು ಕಮಾನು ಅಂತ. ಅವಳ ಈಗಿನ ವಯಲಿನ್, ಈಗಿನ ತಂತಿಗಳ ಮೇಲೇ ಒಂದು ತಿಂಗಳು ಬರೋಕ್ ಕಮಾನಿನಲ್ಲಿ ನುಡಿಸಲಿ. ವಾದ್ಯಕ್ಕೆ ಯಾವ ಅಪಾಯವೂ ಇಲ್ಲ. ಕೊಳ್ಳಬೇಕೆಂದೂ ಇಲ್ಲ, ಇಂಥ ಯುವ ತಂಡಗಳು ಎಷ್ಟೋ ಸಲ ಎರವಲು ಕೊಡುತ್ತವೆ, ಕೇಳಿ ನೋಡಿ. ಕೊಳ್ಳುವುದೇ ಆದರೆ ಕಲಿಯುವವರ ಕಮಾನು ನೂರಾರು ಯೂರೋ, ಹೆಸರುವಾಸಿ ಕುಶಲಕರ್ಮಿಯ ಕಮಾನು ಸಾವಿರಾರು. 16ನೇ ವಯಸ್ಸಿಗೆ ಮೊದಲನೆಯದು ಸಾಕು.

ವೈಬ್ರಾಟೊ ಬಗ್ಗೆ ಟೀಚರ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಬರೋಕ್ ಸಂಗೀತದಲ್ಲಿ ವೈಬ್ರಾಟೊ ನಿಷಿದ್ಧ ಅನ್ನುವುದು ಸುಳ್ಳು. ಲಂಡನ್‌ನಲ್ಲಿದ್ದ ಇಟಲಿಯ ವಾದಕ ಜೆಮಿನಿಯಾನಿ 1751ರಲ್ಲಿ ಆದಷ್ಟೂ ಬಳಸಿ ಎಂದು ಬರೆದರು. ಐದೇ ವರ್ಷದ ಮೇಲೆ ಸಂಗೀತಕಾರ ಮೊಜಾರ್ಟ್‌ನ ತಂದೆ ಲಿಯೋಪೋಲ್ಡ್ ಮೊಜಾರ್ಟ್, ಪ್ರತಿ ಸ್ವರಕ್ಕೂ ನಡುಗುವವರನ್ನು ರೋಗ ಬಂದು ನಡುಗುವವರಿಗೆ ಹೋಲಿಸಿ ಬೈದರು. ಆಗಲೂ ಒಮ್ಮತ ಇರಲಿಲ್ಲ ಅಲ್ವಾ? ಈಗಿನ ಬರೋಕ್ ತಂಡಗಳಲ್ಲಿ ಅದನ್ನು ಗಮಕದ ಹಾಗೆ, ಬೇಕಾದ ಸ್ವರಕ್ಕೆ ಮಾತ್ರ ಬಳಸುತ್ತಾರೆ. ಒಂದು ಬೇಸಿಗೆ ಹೀಗೆ ನುಡಿಸಿದರೆ ವೈಬ್ರಾಟೊ ಮರೆತುಹೋಗುವುದಿಲ್ಲ. ಆದರೆ ಅದರ ಮರೆಯಲ್ಲಿ ಅಡಗಿದ್ದ ಶ್ರುತಿದೋಷ ಹೊರಗೆ ಬರುತ್ತದೆ. ಅದಕ್ಕೆ ಮಗಳು ಮೊದಲ ದಿನಗಳಲ್ಲಿ ಬೇಜಾರು ಮಾಡಿಕೊಳ್ಳಬಹುದು. ನೀವು ಧೈರ್ಯ ಹೇಳಿ.

ನಿಜವಾದ ಅಪಾಯ ಇರುವುದು ಚಿನ್ ರೆಸ್ಟ್, ಶೋಲ್ಡರ್ ರೆಸ್ಟ್ ತೆಗೆಯುವುದರಲ್ಲಿ. ಚಿನ್ ರೆಸ್ಟ್ ಬಂದಿದ್ದೇ 1820ರ ಸುಮಾರಿಗೆ, ಲೂಯಿ ಶ್ಪೋರ್ ಎಂಬ ವಾದಕರಿಂದ. ಅದಕ್ಕೂ ಮೊದಲಿನವರು ವಯಲಿನ್ನನ್ನು ಕೊರಳೆಲುಬಿನ ಮೇಲೆ, ಕೆಲವರು ಇನ್ನೂ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಎಡಗೈಯೇ ವಾದ್ಯದ ಭಾರ ಹೊರುತ್ತಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ಶಿಕ್ಷಕರಿಂದ ವಯಲಿನ್ ಕಲಿತಾಗಲೂ ಅದಕ್ಕೆ ಚಿನ್ ರೆಸ್ಟ್ ಇರಲಿಲ್ಲ, ತಂತಿ ಕರುಳಿನದೇ. ಕರ್ನಾಟಕ ಸಂಗೀತದವರು ನೆಲದಲ್ಲಿ ಕೂತು, ವಾದ್ಯದ ತಲೆಯನ್ನು ಪಾದದ ಮೇಲಿಟ್ಟು ಈ ಭಾರದ ಸಮಸ್ಯೆಯನ್ನೇ ಬಗೆಹರಿಸಿಕೊಂಡರು. ನಿಂತು ಇಲ್ಲವೇ ಕುರ್ಚಿಯಲ್ಲಿ ಕೂತು ನುಡಿಸುವ ನಿಮ್ಮ ಮಗಳಿಗೆ ಆ ಅನುಕೂಲ ಇಲ್ಲ. ಕೈ ಮೇಲಿಂದ ಕೆಳಗೆ ಸರಿಯುವಾಗ ವಯಲಿನ್ ಜಾರುತ್ತದೆ. ಜಾರದಿರಲಿ ಅಂತ ಮಕ್ಕಳು ಭುಜ ಎತ್ತಿ ಗದ್ದದಿಂದ ಅದುಮುತ್ತಾರೆ. ಕುತ್ತಿಗೆ ನೋವು ಶುರುವಾಗುವುದು ಹೀಗೆ. ಆದ್ದರಿಂದ ಮೊದಲ ವರ್ಷ ಚಿನ್ ರೆಸ್ಟ್ ಇರಲಿ. ಶೋಲ್ಡರ್ ರೆಸ್ಟ್ ತೆಗೆದು, ಆ ಜಾಗಕ್ಕೆ ಮೆದು ಚರ್ಮದ ಇಲ್ಲವೇ ಹತ್ತಿಯ ಬಟ್ಟೆ ಮಡಚಿ ಇಟ್ಟುಕೊಳ್ಳಲಿ. ದಿನಕ್ಕೆ ಹದಿನೈದು ನಿಮಿಷದಿಂದ ಶುರು ಮಾಡಿ ಏರಿಸಲಿ. ಒಳ್ಳೆಯ ತಂಡದ ಯಾರೂ ಇದಕ್ಕೆ ಬೇಡ ಅನ್ನುವುದಿಲ್ಲ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು ಆದರೆ ಅಲ್ಲಿಗೇ ನಿಲ್ಲಿಸಿ, ವಾದಕರನ್ನು ನೋಡಿ ಅನುಭವ ಇರುವ ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ.

ವಯಲಿನ್‌ಗೆ ಏಟು ಬೀಳುತ್ತದೆಯೇ ಅಂದಿರಿ. ಶ್ರುತಿ ಇಳಿಸುವುದರಿಂದ ಇಲ್ಲ. ಅದೇ ತಂತಿಯನ್ನು ಅರ್ಧ ಸ್ವರ ಇಳಿಸಿದರೆ ಎಳೆತ ಸುಮಾರು ಶೇ. 11 ಕಮ್ಮಿಯಾಗುತ್ತದೆ, ಮರಕ್ಕೆ ಅದರಿಂದ ಆರಾಮವೇ. ಕರುಳಿನ ತಂತಿಯೂ ವಯಲಿನ್‌ಗೆ ಅಪರಿಚಿತ ಅಲ್ಲ. ಮೇಲಿನ "ಇ" ತಂತಿಗೆ ಉಕ್ಕು ಬಳಕೆಗೆ ಬಂದಿದ್ದೇ ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ತೊಂದರೆ ಆಗುವುದು ಅವಸರದಿಂದ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಒಳಗಿನ ಸೌಂಡ್‌ಪೋಸ್ಟ್ (ಎರಡು ಹಲಗೆಗಳ ನಡುವೆ ನಿಲ್ಲಿಸಿದ ಸಣ್ಣ ಕಡ್ಡಿ) ಬಿದ್ದುಹೋಗಬಹುದು, ಅದನ್ನು ಮನೆಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಒಂದು ತೆಗೆದು ಒಂದು ಹಾಕಿ. ಕರುಳಿನ ತಂತಿ ದಪ್ಪ, ಹಾಗಾಗಿ ಕುದುರೆಯ ಮೇಲಿನ ಮತ್ತು ಮೇಲ್ತುದಿಯ ನಟ್‌ನ (ತಂತಿ ಹಾದುಹೋಗುವ ಸಣ್ಣ ಪಟ್ಟಿಯ) ಗೀರುಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಅಂಗಡಿಯವರು ಅರದಿಂದ ಉಜ್ಜಿ ಅಗಲ ಮಾಡೋಣ ಅನ್ನುತ್ತಾರೆ. ಆಮೇಲೆ ತೆಳು ಉಕ್ಕಿನ ತಂತಿ ವಾಪಸ್ ಹಾಕಿದರೆ ಆ ಅಗಲದಲ್ಲಿ ಅಲ್ಲಾಡುತ್ತದೆ, ಗುಂಯ್‌ಗುಡುತ್ತದೆ. ಕುದುರೆ ಇನ್ನೊಂದು ಮಾಡಿಸಿಕೊಳ್ಳಬಹುದು, ದೊಡ್ಡ ಖರ್ಚಲ್ಲ. ಇರುವ ಒಂದೇ ವಯಲಿನ್‌ನ ನಟ್ ಮಾತ್ರ ಮುಟ್ಟಿಸಬೇಡಿ. ಕೆಳಗೆ ಶ್ರುತಿ ಸೂಕ್ಷ್ಮವಾಗಿ ತಿದ್ದುವ ಸಣ್ಣ ಲೋಹದ ಫೈನ್ ಟ್ಯೂನರ್ ಇದ್ದರೆ ಬಿಚ್ಚಿಡಿ, ಅದು ಕರುಳಿನ ತಂತಿಯನ್ನು ಕತ್ತರಿಸುತ್ತದೆ. ಅದಿಲ್ಲದೆ ಶ್ರುತಿ ಎಲ್ಲ ಬಿರಡೆಯಲ್ಲೇ. ಬಿರಡೆ ಬಿಗಿಯಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಕರುಳಿನ "ಇ" ತಂತಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ, ಅಷ್ಟೇ. ಕಿತ್ತುಹೋಗುವುದು ಮಾಮೂಲು. ಒಂದೆರಡು ಸದಾ ಪೆಟ್ಟಿಗೆಯಲ್ಲಿರಲಿ, ಬೆಲೆ ಕೆಲವೇ ಯೂರೋ. ದಿನ ಕಳೆದ ಹಾಗೆ ಅದರ ಮೇಲೆ ಕೂದಲಿನಂಥ ನಾರು ಏಳುತ್ತದೆ. ಮಕ್ಕಳು ಅದನ್ನು ಎಳೆದು ಕೀಳುತ್ತಾರೆ, ಇಡೀ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೀಳಬಾರದು. ಉಗುರು ಕತ್ತರಿಸುವ ಕಟರ್‌ನಿಂದ ಬುಡಕ್ಕೆ ಸರಿಯಾಗಿ ಕತ್ತರಿಸಬೇಕು. ರಾತ್ರಿ ಬೆರಳು ಓಡಾಡುವ ಭಾಗಕ್ಕೆ ಒಂದು ಹನಿ ಬಾದಾಮಿ ಎಣ್ಣೆ ಸವರಿ ಒರೆಸಿದರೆ ತಂತಿ ಬಾಳಿಕೆ ಬರುತ್ತದೆ. ಕಮಾನು ಓಡುವ ಜಾಗಕ್ಕೆ ಮಾತ್ರ ಎಣ್ಣೆ ತಾಗಬಾರದು, ಸದ್ದೇ ಬರುವುದಿಲ್ಲ.

ಇಷ್ಟೆಲ್ಲ ನೋಡಿದರೆ ನಿಮ್ಮ ಮುಂದೆ ಮೂರು ದಾರಿ. ಮೊದಲನೆಯದು, ಪೂರ್ತಿ ಬರೋಕ್ ವಯಲಿನ್ ಬಾಡಿಗೆಗೋ ಎರವಲಿಗೋ ತರುವುದು. ಸಿಕ್ಕರೆ ಅದೇ ಉತ್ತಮ, ಅವಳ ಸ್ವಂತ ವಾದ್ಯ ಇದ್ದ ಹಾಗೇ ಇರುತ್ತದೆ, ಟೀಚರ್ ಪಾಠವೂ ನಿಲ್ಲುವುದಿಲ್ಲ. ಎರಡನೆಯದು, ಮನೆಯಲ್ಲಿ ಬದಿಗಿಟ್ಟ ಹಳೇ ವಯಲಿನ್ ಇದ್ದರೆ ಅದಕ್ಕೆ ಕರುಳಿನ ತಂತಿ ಹಾಕುವುದು. ನಟ್ ಅಗಲ ಮಾಡಿಸಬಹುದು, ಅಳುಕು ಬೇಡ. ಮೂರನೆಯದು, ಈಗಿನ ವಯಲಿನ್‌ಗೇ ತಂತಿ ಬದಲಿಸಿ ಬೇಸಿಗೆ ಮುಗಿದ ಮೇಲೆ ವಾಪಸ್ ಹಾಕುವುದು. ಇದು ಆಗುವ ಮಾತೇ, ಆದರೆ ಎರಡೂ ಸಲ ಶ್ರುತಿ ನಿಲ್ಲಲು ದಿನಗಟ್ಟಲೆ ಬೇಕು, ಆ ಹೊತ್ತಿನಲ್ಲಿ ಪರೀಕ್ಷೆ, ಆಡಿಷನ್ ಇದ್ದರೆ ಮಗಳು ಒದ್ದಾಡುತ್ತಾಳೆ. ಕನ್ಸರ್ವೇಟರಿ ಪ್ರವೇಶದ ಆಡಿಷನ್ ಹತ್ತಿರ ಇದ್ದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಸೇರಲಿ ಎಂದೇ ನಾನು ಹೇಳುತ್ತೇನೆ. ಅಲ್ಲಿ ಟೀಚರ್ ಮಾತು ಸರಿ.

ಕರುಳಿನ ವಿಷಯ. ಕುರಿ, ಮೇಕೆ, ದನದ ಕರುಳಿನಿಂದಲೇ ಮಾಡುತ್ತಾರೆ, ಮುಚ್ಚಿಡುವುದೇನಿಲ್ಲ. ಬೇಡ ಅನ್ನಿಸಿದರೆ ಕರುಳಿನ ಗುಣ ಹೋಲುವ ಕೃತಕ ತಂತಿಗಳು ಇಟಲಿಯಿಂದ ಬರುತ್ತವೆ. ತೇವಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ನಾದ ಸ್ವಲ್ಪ ನುಣುಪು, ಸ್ವರದ ಶುರುವಿನಲ್ಲಿ ಬರುವ ಆ ಸಣ್ಣ ಒರಟು ಸಿಗುವುದಿಲ್ಲ. ಆದರೂ ಕಲಿಯಲು ಧಾರಾಳವಾಗಿ ಸಾಕು. ಮೃದಂಗದ ಚರ್ಮ, ಕಮಾನಿನ ಕುದುರೆ ಕೂದಲು ಒಪ್ಪಿಕೊಂಡ ಮನೆಗಳೂ ಇದನ್ನು ಒಪ್ಪದಿರಬಹುದು, ಅದು ಅವರವರ ಮನಸ್ಸು. ತಂಡದವರಿಗೆ ಮೊದಲೇ ಹೇಳಿ, ಗೌರವಿಸುತ್ತಾರೆ.

ಮುಂದೆ ಇದರಿಂದ ಬದುಕು ನಡೆಯುತ್ತದೆಯೇ ಅಂತ ನೀವು ಕೇಳಿಲ್ಲ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬರೋಕ್ ಆರ್ಕೆಸ್ಟ್ರಾಗಳಲ್ಲಿ ತಿಂಗಳ ಸಂಬಳದ ಹುದ್ದೆ ಬಹಳ ಕಮ್ಮಿ. ಹೆಚ್ಚಿನವರು ಒಂದೊಂದು ಕಾರ್ಯಕ್ರಮಕ್ಕೆ ಕರೆ ಬಂದ ಹಾಗೆ ಊರೂರು ಸುತ್ತಿ ನುಡಿಸುತ್ತಾರೆ. ಆದರೆ ಎರಡೂ ಬಲ್ಲವರಿಗೆ ಕೆಲಸ ಜಾಸ್ತಿ. ಹಾರ್ನನ್‌ಕೋರ್ಟ್ 1975ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾಕ್ಕೆ ಬಂದು ಬಾಖ್ ನಡೆಸಿಕೊಟ್ಟ ಮೇಲೆ ಮಾಮೂಲಿ ಆರ್ಕೆಸ್ಟ್ರಾಗಳೂ ಈ ಶೈಲಿ ಕಲಿಯತೊಡಗಿದವು. ಚೈಕೋವ್‌ಸ್ಕಿ, ಸಿಬೇಲಿಯಸ್ ನುಡಿಸಿ ಹೆಸರು ಮಾಡಿದ ವಿಕ್ಟೋರಿಯಾ ಮುಲೋವಾ ಆಮೇಲೆ ಕರುಳಿನ ತಂತಿ, ಬರೋಕ್ ಕಮಾನು ಹಿಡಿದು ಬಾಖ್ ಧ್ವನಿಮುದ್ರಿಸಿದರು. ಅವರ ಎಡಗೈಗೆ ಏನೂ ಆಗಲಿಲ್ಲ.

ಟೀಚರ್ ಜೊತೆ ಜಗಳ ಬೇಡ. ಅವರನ್ನು ತಂಡದ ಒಂದು ರಿಹರ್ಸಲ್‌ಗೆ ಕರೆದುಕೊಂಡು ಹೋಗಿ, ಸ್ವೀಟ್‌ನ ಕಮಾನಿನ ಗುರುತುಗಳನ್ನು ಮಗಳು ಅವರಿಗೂ ತೋರಿಸಲಿ. ಕರುಳಿನ ತಂತಿ ಹಾಕುವುದೇ ಆದರೆ ಮೊದಲ ರಿಹರ್ಸಲ್‌ಗೆ ಎರಡು ವಾರ ಮುಂಚೆ ಹಾಕಿ, ಹಿಗ್ಗಿ ನಿಲ್ಲಲು ಅಷ್ಟು ಸಮಯ ಬೇಕು. ಎಡಗೈಯ ಬೆರಳಲ್ಲಿ ಜುಮ್ಮೆನ್ನುವುದೋ ಕುತ್ತಿಗೆ ನೋವೋ ಕಂಡರೆ ಮತ್ತೆ ಬರೆಯಿರಿ. ಅವಳು ವಯಲಿನ್ ಹಿಡಿಯುವ ಒಂದು ಸಣ್ಣ ವಿಡಿಯೊ ಪಕ್ಕದಿಂದ ತೆಗೆದು ಕಳಿಸಿದರೆ ಎಲ್ಲಿ ಬಿಗಿಯುತ್ತಿದ್ದಾಳೆ ಅಂತ ನೋಡಿ ಹೇಳುತ್ತೇನೆ.